ಕನ್ನಡಿಯ ಅಳತೆ ಕೇಳಿದ್ದು ಸಾಕು, ಪೆಟ್ಟಿಗೆಯ ತಂಪು ಕೇಳೋಣ



ವಿಜ್ಞಾನ ರಸಪ್ರಶ್ನೆ ನಡೆಸಲು ಶಾಲೆಗಳಿಗೆ ಹೋದಾಗ ನಾನು ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ: 'ಅತಿ ದೊಡ್ಡ ದೂರದರ್ಶಕದ ಕನ್ನಡಿ ಎಷ್ಟು ಅಗಲ?' ಮುಂದಿನ ಸಾಲಿನವರು ಕೈ ಎತ್ತುವ ಮೊದಲೇ ಹಿಂದಿನಿಂದ ಯಾರೋ 'ಕ್ಯಾನರಿ ದ್ವೀಪ, 10.4 ಮೀಟರ್' ಎಂದು ಕೂಗಿಬಿಡುತ್ತಾರೆ. ಐದು ಅಂಕ, ಚಪ್ಪಾಳೆ, ಮುಂದಿನ ಪ್ರಶ್ನೆ.

ಇನ್ನು ಮುಂದೆ ಈ ಪ್ರಶ್ನೆ ಕೇಳಬಾರದೆಂದು ತೀರ್ಮಾನಿಸಿದ್ದೇನೆ. ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ಕನ್ನಡಿ ಮಾಡುವ ಕೆಲಸ ಬೆಳಕನ್ನು ಕೂಡಿಸುವುದು ಮಾತ್ರ. ಕೂಡಿಸಿದ ಬೆಳಕಿನಲ್ಲಿ ಏನಿದೆ ಎಂದು ಓದುವುದು ಕನ್ನಡಿಯ ಹಿಂದೆ ನೇತುಹಾಕಿದ ಒಂದು ಪೆಟ್ಟಿಗೆ. ಜಾಣತನ ಹೆಚ್ಚು ಖರ್ಚಾಗುವುದು ಆ ಪೆಟ್ಟಿಗೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಅದರಲ್ಲೂ ಒಂದು ಬಗೆಯ ಪೆಟ್ಟಿಗೆಯನ್ನು ಮಂಜುಗಡ್ಡೆಗಿಂತ ಎಷ್ಟೋ ತಣ್ಣಗೆ ಇಡಬೇಕಾಗುತ್ತದೆ. ಅದೇ ಅವಕೆಂಪು ರೋಹಿತಲೇಖಿ. ಹೆಸರು ಕೇಳಿ ಹೆದರಬೇಡಿ, ಒಂದೊಂದಾಗಿ ಬಿಡಿಸೋಣ.

ಮೊದಲು ರೋಹಿತ. ಹಾಳಾದ ಸಿ.ಡಿ.ಯೊಂದನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿ. (ಸೂರ್ಯನ ಬೆಳಕಿಗೆ ಹಿಡಿದು ಕಣ್ಣಿಟ್ಟು ನೋಡಬೇಡಿ.) ಬಣ್ಣದ ಪಟ್ಟಿಗಳು ಕಾಣುತ್ತವೆ. ಸಿ.ಡಿ.ಯ ಮೇಲಿರುವ ಬಹು ಸಣ್ಣ ಸಾಲುಗಳು ಬೆಳಕನ್ನು ಅದರ ಬಣ್ಣಗಳಾಗಿ ಹರಡುತ್ತವೆ. ಇದೇ ಕೆಲಸಕ್ಕೆ ವಿಜ್ಞಾನಿಗಳು ಬಳಸುವ ಗೆರೆ ಕೊರೆದ ಫಲಕಕ್ಕೆ ಗ್ರೇಟಿಂಗ್ ಎನ್ನುತ್ತಾರೆ. ಹರಡಿದ ಬೆಳಕೇ ರೋಹಿತ. ಅದನ್ನು ಗುರುತು ಹಾಕಿಕೊಳ್ಳುವ ಉಪಕರಣ ರೋಹಿತಲೇಖಿ. ನಕ್ಷತ್ರದಲ್ಲಿ ಯಾವ ಅನಿಲವಿದೆ, ಎಷ್ಟು ಬಿಸಿಯಿದೆ, ನಮ್ಮ ಕಡೆಗೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ, ಇವೆಲ್ಲ ನಮಗೆ ಗೊತ್ತಾಗಿದ್ದು ರೋಹಿತದಿಂದಲೇ.

ಇನ್ನು ಅವಕೆಂಪು. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳವಿಜ್ಞಾನಿ ಸೂರ್ಯನ ಬೆಳಕನ್ನು ಪಟ್ಟಕದಿಂದ ಬಣ್ಣಗಳಾಗಿ ಬಿಡಿಸಿ, ಒಂದೊಂದು ಬಣ್ಣದಲ್ಲೂ ಉಷ್ಣಮಾಪಕ ಇಟ್ಟು ನೋಡಿದರು. ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ ಇಟ್ಟ ಉಷ್ಣಮಾಪಕವೂ ಏರಿತು. ಅಲ್ಲಿಯೂ ಬೆಳಕಿದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಟಿ.ವಿ. ರಿಮೋಟಿನ ತುದಿಯಲ್ಲಿರುವ ಚಿಕ್ಕ ದೀಪ ಇಂಥದೇ ಬೆಳಕು ಕೊಡುತ್ತದೆ. ಮೊಬೈಲಿನ ಮುಂದಿನ ಕ್ಯಾಮೆರಾದ ಎದುರು ರಿಮೋಟ್ ಹಿಡಿದು ಗುಂಡಿ ಒತ್ತಿ ನೋಡಿ. ಹೆಚ್ಚಿನ ಮೊಬೈಲುಗಳಲ್ಲಿ ಮಿನುಗುವುದು ಕಾಣುತ್ತದೆ.

ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ 0.4ರಿಂದ 0.7 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ನಾನು ಹೇಳುತ್ತಿರುವ ಪೆಟ್ಟಿಗೆ ಓದುವುದು ಸುಮಾರು 1ರಿಂದ 2.5 ಮೈಕ್ರಾನ್‌ವರೆಗಿನ ಬೆಳಕನ್ನು. ಇದಕ್ಕೆ ಸಮೀಪ ಅವಕೆಂಪು ಎಂದು ಹೆಸರು. ಇದನ್ನೇಕೆ ಓದಬೇಕು? ಹೊಸ ನಕ್ಷತ್ರಗಳು ಹುಟ್ಟುವುದು ದಟ್ಟವಾದ ದೂಳಿನ ಮೋಡಗಳ ಒಳಗೆ. ಕಾಣುವ ಬೆಳಕು ಆ ದೂಳಿನಲ್ಲಿ ಸಿಕ್ಕಿ ಕಳೆದುಹೋಗುತ್ತದೆ. ಅವಕೆಂಪು ಬೆಳಕು ಬಹುಮಟ್ಟಿಗೆ ನುಸುಳಿ ಹೊರಬರುತ್ತದೆ.

ಈಗ ತೊಂದರೆ ಏನೆಂದು ನೋಡೋಣ.

ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣ ಹೊರಗೆ ತೆಗೆದ ಮೇಲೆ ನಿಧಾನವಾಗಿ ಕಪ್ಪಾಗುತ್ತದೆ. ಕಪ್ಪಾದ ಮೇಲೂ ಅದರ ಹತ್ತಿರ ಅಂಗೈ ಒಡ್ಡಿದರೆ ಝಳ ತಾಗುತ್ತದೆ. ಕಬ್ಬಿಣ ಬೆಳಗುವುದನ್ನು ನಿಲ್ಲಿಸಿಲ್ಲ. ನಿಮ್ಮ ಬೆಂಚು, ತರಗತಿಯ ಗೋಡೆ, ನಿಮ್ಮ ಕೈ, ಈ ಕಾಗದ, ಎಲ್ಲವೂ ಹೀಗೆ ಬೆಳಗುತ್ತಲೇ ಇರುತ್ತವೆ. ಅವುಗಳ ಬೆಳಕು 10 ಮೈಕ್ರಾನ್ ಆಸುಪಾಸಿನಲ್ಲಿ ಅತಿ ಹೆಚ್ಚು. 2.5 ಮೈಕ್ರಾನ್‌ನಲ್ಲಿ ಅದರ ಬಾಲ ಮಾತ್ರ ಇರುತ್ತದೆ. ಆದರೆ ಸಾವಿರಾರು ಜ್ಯೋತಿರ್ವರ್ಷ ದೂರದ ನಕ್ಷತ್ರದ ಮುಂದೆ ಆ ಬಾಲವೂ ದೊಡ್ಡದೇ!

ಅಂದರೆ ರೋಹಿತಲೇಖಿಯ ಪೆಟ್ಟಿಗೆ, ಅದರೊಳಗಿನ ಮಸೂರಗಳು, ತಿರುಪು ಮೊಳೆಗಳು ಕೂಡ ಬೆಳಗುತ್ತವೆ. ತಲೆಯ ಮೇಲೆ ಪೆಟ್ರೋಮ್ಯಾಕ್ಸ್ ಹೊತ್ತುಕೊಂಡು ಮಿಂಚುಹುಳು ಹುಡುಕಲು ಹೋದರೆ ಹೇಗಿರುತ್ತದೆ? ಹಾಗೆ. ದೀಪ ಆರಿಸಬೇಕು. ಪೆಟ್ಟಿಗೆಯ ದೀಪ ಆರಿಸುವುದಕ್ಕೆ ಇರುವ ದಾರಿ ಒಂದೇ, ಅದನ್ನು ತಣ್ಣಗೆ ಮಾಡುವುದು.

ಎಷ್ಟು ತಣ್ಣಗೆ? ದ್ರವ ಸಾರಜನಕ ಕುದಿಯುವುದು ಸೊನ್ನೆಗಿಂತ ಕೆಳಗೆ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ತರಗತಿಯ 27 ಡಿಗ್ರಿಯಿಂದ ಅಲ್ಲಿಗೆ ಇಳಿಸಿದರೆ ಒಂದು ವಸ್ತು 2.5 ಮೈಕ್ರಾನ್‌ನಲ್ಲಿ ಹೊರಸೂಸುವ ಬೆಳಕು ಎಷ್ಟು ಪಾಲು ಕಡಿಮೆಯಾಗುತ್ತದೆ ಎಂದು ನಾನೊಮ್ಮೆ ಲೆಕ್ಕ ಹಾಕಿದೆ. 1 ಬರೆದು ಅದರ ಮುಂದೆ 24 ಸೊನ್ನೆ ಹಾಕಿದರೆ ಬರುವಷ್ಟು ಪಾಲು! ಕೂಡಿಸಿದ್ದು ತಪ್ಪಿರಬೇಕೆಂದು ಮತ್ತೊಮ್ಮೆ ಮಾಡಿದೆ. ಅದೇ ಬಂತು. ಎಲ್ಲ ಪೆಟ್ಟಿಗೆಗಳನ್ನೂ ಅಷ್ಟೇ ತಣ್ಣಗೆ ಇಡುವುದಿಲ್ಲ. ಆದರೆ ಬೆಳಕು ಹಿಡಿಯುವ ಸಂವೇದಕವನ್ನು ಸಾಮಾನ್ಯವಾಗಿ ಇದರ ಆಸುಪಾಸಿಗೆ ಇಳಿಸುತ್ತಾರೆ.

ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದ ಬೆಟ್ಟದ ಮೇಲೆ ಹಿಮಾಲಯ ಚಂದ್ರ ದೂರದರ್ಶಕ ಇದೆ. ಅದರ ಕನ್ನಡಿ ಕೇವಲ 2 ಮೀಟರ್ ಅಗಲ, ರಸಪ್ರಶ್ನೆಗೆ ಲಾಯಕ್ಕಿಲ್ಲದ್ದು! ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ದೂರದರ್ಶಕ ಇರುವುದು ಹಿಮಾಲಯದಲ್ಲಿ, ಅದನ್ನು ತಿರುಗಿಸುವವರು ಕೂರುವುದು ನಮ್ಮ ಹೊಸಕೋಟೆಯಲ್ಲಿ. ಕೋಲಾರದ ಕಡೆಯ ಬಸ್ಸಿನಲ್ಲಿ ಹೋದವರೆಲ್ಲ ಆ ಊರನ್ನು ನೋಡಿರುತ್ತೀರಿ. ಆಜ್ಞೆಗಳು ಉಪಗ್ರಹದ ಮೂಲಕ ಹೋಗುತ್ತವೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 2013ರಲ್ಲಿ ಈ ದೂರದರ್ಶಕಕ್ಕೆ ಒಂದು ಅವಕೆಂಪು ರೋಹಿತಲೇಖಿ ಜೋಡಿಸಿದರು. ಅದರ ಹೆಸರು ಟಿರ್‌ಸ್ಪೆಕ್.

ಹಾನ್ಲೆಯ ವಿಷಯ ಹೇಳಿದಾಗ ಏಳನೇ ತರಗತಿಯ ಒಬ್ಬ ಹುಡುಗ ಕೇಳಿದ: 'ಸಾರ್, ಅಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುತ್ತಲ್ಲ, ಮತ್ತೆ ಯಾಕೆ ತಂಪು ಮಾಡಬೇಕು?' ಒಳ್ಳೆಯ ಪ್ರಶ್ನೆ. ಅದಕ್ಕೂ ಲೆಕ್ಕ ಮಾಡಿದೆ. 27 ಡಿಗ್ರಿಯಿಂದ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೆ ಇಳಿದರೆ ಆ ಬೆಳಕು ಸುಮಾರು 35 ಪಾಲು ಕಡಿಮೆಯಾಗುತ್ತದೆ. 35 ಎಲ್ಲಿ, 24 ಸೊನ್ನೆಗಳು ಎಲ್ಲಿ!

ಸಂವೇದಕಕ್ಕೆ ತಂಪು ಬೇಕಾಗಲು ಇನ್ನೊಂದು ಕಾರಣವೂ ಇದೆ. ಅದನ್ನು ಪಾದರಸ, ಕ್ಯಾಡ್ಮಿಯಂ, ಟೆಲ್ಯೂರಿಯಂ ಸೇರಿದ ವಸ್ತುವಿನಿಂದ ಮಾಡುತ್ತಾರೆ. ಬೆಳಕು ಬಿದ್ದರೆ ಅದರೊಳಗೆ ಇಲೆಕ್ಟ್ರಾನುಗಳು ಸಡಿಲವಾಗುತ್ತವೆ. ಅವನ್ನು ಎಣಿಸಿದರೆ ಎಷ್ಟು ಬೆಳಕು ಬಂತೆಂದು ತಿಳಿಯುತ್ತದೆ. ಅವಕೆಂಪು ಬೆಳಕಿನ ಕಣಗಳಿಗೆ ಶಕ್ತಿ ಕಡಿಮೆ. ಆದ್ದರಿಂದ ಚಿಕ್ಕ ತಳ್ಳುವಿಕೆಗೇ ಇಲೆಕ್ಟ್ರಾನ್ ಬಿಟ್ಟುಕೊಡುವ ವಸ್ತು ಬೇಕು. ಅಂಥ ವಸ್ತುವಿನಲ್ಲಿ ಬರಿಯ ಶಾಖಕ್ಕೂ ಇಲೆಕ್ಟ್ರಾನುಗಳು ಜಿಗಿಯುತ್ತವೆ. ಹಾಜರಿ ಕೂಗುವಾಗ ಶಾಲೆಗೇ ಬಾರದವರ ಹೆಸರಿಗೂ 'ಬಂದೆ ಸಾರ್' ಎಂದು ಉತ್ತರ ಬಂದ ಹಾಗೆ. ತಂಪಾದರೆ ಈ ಕಳ್ಳ ಹಾಜರಿ ನಿಲ್ಲುತ್ತದೆ. ಟಿರ್‌ಸ್ಪೆಕ್‌ನ ಸಂವೇದಕದಲ್ಲಿ ಅಡ್ಡಕ್ಕೆ 1024, ಉದ್ದಕ್ಕೆ 1024, ಒಟ್ಟು 10 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿವೆ. ಪ್ರತಿಯೊಂದೂ ತನ್ನ ಇಲೆಕ್ಟ್ರಾನುಗಳನ್ನು ಎಣಿಸುತ್ತದೆ.

ಸರಿ, ತಣ್ಣಗೆ ಮಾಡಬೇಕು. ದ್ರವ ಸಾರಜನಕ ಸುರಿದುಬಿಟ್ಟರೆ ಆಯಿತಲ್ಲ? ವಿನ್ಯಾಸಕಾರರ ತಲೆನೋವು ಶುರುವಾಗುವುದೇ ಇಲ್ಲಿ. ನನಗೆ ಅತಿ ಇಷ್ಟವಾದ ಭಾಗವೂ ಇದೇ.

ಸ್ಟೀಲ್ ಲೋಟಕ್ಕೆ ತಣ್ಣೀರು ಹಾಕಿದರೆ ಹೊರಗೆ ಹನಿ ಕಟ್ಟುತ್ತದೆ. ಹಾಗೆಯೇ ಗಾಳಿಯಲ್ಲಿಟ್ಟು ಮಸೂರವನ್ನು ತಣ್ಣಗೆ ಮಾಡಿದರೆ ಅದರ ಮೇಲೆ ಹಿಮ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಪೆಟ್ಟಿಗೆಯೊಳಗೆ ಗಾಳಿ ಇರಬಾರದು, ನಿರ್ವಾತ ಇರಬೇಕು. ಇದರಿಂದ ಎರಡನೇ ಲಾಭವೂ ಉಂಟು, ಹೊರಗಿನ ಶಾಖವನ್ನು ಒಳಗೆ ಹೊತ್ತು ತರಲು ಗಾಳಿಯೇ ಇರುವುದಿಲ್ಲ. ಚಹಾ ತರುವ ಫ್ಲಾಸ್ಕಿನ ಗೋಡೆಗಳ ನಡುವೆ ಇರುವುದೂ ನಿರ್ವಾತವೇ. 1892ರಲ್ಲಿ ಜೇಮ್ಸ್ ದ್ಯುವರ್ ಎಂಬ ವಿಜ್ಞಾನಿ ಇಂಥ ಪಾತ್ರೆ ಮಾಡಿದ್ದು ಚಹಾಕ್ಕಲ್ಲ, ದ್ರವರೂಪದ ಅನಿಲಗಳನ್ನು ಕಾಪಾಡಲು. ಚಹಾ ಆಮೇಲೆ ಬಂತು.

ಗಾಳಿ ತೆಗೆದರೂ ಶಾಖ ಬೇರೆ ದಾರಿ ಹುಡುಕುತ್ತದೆ. ಹೊರಗಿನ ಬೆಚ್ಚನೆಯ ಗೋಡೆಯಿಂದ ವಿಕಿರಣವಾಗಿ ಬರುತ್ತದೆ. ಅದಕ್ಕೆ ಹೊಳೆಯುವ ತೆಳು ಹಾಳೆಗಳನ್ನು ಪದರ ಪದರವಾಗಿ ಸುತ್ತುತ್ತಾರೆ. ತಂಪು ಭಾಗವನ್ನು ಹೊತ್ತು ನಿಲ್ಲುವ ಕಾಲುಗಳ ಮೂಲಕವೂ ಶಾಖ ಹರಿಯುತ್ತದೆ. ಅದಕ್ಕೆ ಕಾಲುಗಳನ್ನು ಲೋಹದ ಬದಲು ಗಾಜಿನ ನಾರು ಸೇರಿಸಿದ ಗಟ್ಟಿ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಕೊನೆಗೆ ಸಂವೇದಕಕ್ಕೆ ಹೋಗುವ ವಿದ್ಯುತ್ ತಂತಿಗಳು! ತಾಮ್ರದ ತಂತಿ ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ, ಶಾಖವನ್ನೂ ಅಷ್ಟೇ ಚೆನ್ನಾಗಿ ಒಯ್ಯುತ್ತದೆ. ಆದ್ದರಿಂದ ಕೂದಲೆಳೆಯಂಥ, ಬೇರೆ ಮಿಶ್ರಲೋಹದ ತಂತಿ ಹಾಕುತ್ತಾರೆ. ಪಂಪಿಗೂ ಸಿಗದೆ ಉಳಿದ ಅಲ್ಪಸ್ವಲ್ಪ ಅನಿಲವನ್ನು ಹಿಡಿಯಲು ಒಳಗೆ ಇದ್ದಿಲಿನ ಚಿಕ್ಕ ಪೊಟ್ಟಣ ಇಡುವುದುಂಟು. ತಣ್ಣನೆಯ ಇದ್ದಿಲು ತನ್ನ ಸಣ್ಣ ರಂಧ್ರಗಳಲ್ಲಿ ಅನಿಲವನ್ನು ಹಿಡಿದಿಡುತ್ತದೆ. ಕೋಟಿಗಟ್ಟಲೆ ಬೆಲೆಯ ಪೆಟ್ಟಿಗೆಯೊಳಗೆ ಇದ್ದಿಲು!

ನಿಮ್ಮಲ್ಲಿ ಕೆಲವರು ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ಕಂಡಿರಬಹುದು, ಇಲ್ಲವೇ ಅಜ್ಜನಿಂದ ಕೇಳಿರಬಹುದು. ಪಟ್ಟಿಯನ್ನು ಕಾಯಿಸಿ ಹಿಗ್ಗಿಸಿ ಮರದ ಚಕ್ರಕ್ಕೆ ಹಾಕಿ ನೀರು ಸುರಿಯುತ್ತಾರೆ. ಪಟ್ಟಿ ಕುಗ್ಗಿ ಚಕ್ರವನ್ನು ಬಿಗಿಯಾಗಿ ಹಿಡಿಯುತ್ತದೆ. ಈ ಪೆಟ್ಟಿಗೆಯಲ್ಲೂ ಹಾಗೆಯೇ ಎಲ್ಲವೂ ಕುಗ್ಗುತ್ತವೆ. ದ್ರವ ಸಾರಜನಕದ ತಂಪಿಗೆ ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಸುಮಾರು 4 ಮಿಲಿಮೀಟರ್ ಗಿಡ್ಡವಾಗುತ್ತದೆ. ನಾಲ್ಕೇ ಮಿಲಿಮೀಟರ್ ತಾನೇ ಎನ್ನಬೇಡಿ. ಹಾನ್ಲೆಯ ದೂರದರ್ಶಕದಲ್ಲಿ ನಕ್ಷತ್ರದ ಬಿಂಬ ಬೀಳುವುದು ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗದಷ್ಟು ಅಗಲಕ್ಕೆ. ಅದು ಒಳಹೋಗುವ ಸೀಳುಗಂಡಿಯೂ ಅದೇ ಅಳತೆಯದು. ಸಂವೇದಕದ ಒಂದೊಂದು ಚುಕ್ಕಿ ಮಿಲಿಮೀಟರಿನ ಐವತ್ತರಲ್ಲಿ ಒಂದು ಭಾಗ. ಅಂಥ ಕಡೆ 4 ಮಿಲಿಮೀಟರ್ ಎಂದರೆ ಒಂದೂರಿನಿಂದ ಇನ್ನೊಂದೂರಿಗೆ ಹೋದಂತೆ.

ಗಾಜು ಮತ್ತು ಲೋಹ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಲೋಹದ ಬಳೆಯಲ್ಲಿ ಮಸೂರವನ್ನು ಬಿಗಿಯಾಗಿ ಕೂರಿಸಿ ತಣ್ಣಗೆ ಮಾಡಿದರೆ ಬಳೆ ಕುಗ್ಗಿ ಮಸೂರ ಒಡೆಯುತ್ತದೆ. ಸಡಿಲವಾಗಿ ಕೂರಿಸಿದರೆ, ದೂರದರ್ಶಕ ವಾಲಿದಾಗ ಮಸೂರ ಜರುಗುತ್ತದೆ. ಆದ್ದರಿಂದ ಚಿಕ್ಕ ಸ್ಪ್ರಿಂಗುಗಳಿಂದ ಒತ್ತಿ ಹಿಡಿಯುತ್ತಾರೆ. ಬೇಗ ತಂಪು ಮಾಡುವಂತೆಯೂ ಇಲ್ಲ. ಉರಿಯುವ ಲಾಟೀನಿನ ಗಾಜಿಗೆ ಒಂದು ಹನಿ ನೀರು ಬಿದ್ದರೆ ಏನಾಗುತ್ತದೆಂದು ಬಲ್ಲಿರಷ್ಟೆ. ದೊಡ್ಡ ಪೆಟ್ಟಿಗೆಯಾದರೆ ತಂಪಾಗಲು ಒಂದೆರಡು ದಿನ, ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ತಂಪಾದಾಗ ಗಾಜು ಬೆಳಕನ್ನು ಬಾಗಿಸುವ ಪ್ರಮಾಣವೂ ಬದಲಾಗುತ್ತದೆ. ಅದಕ್ಕೆ ಮಸೂರದ ಆಕಾರವನ್ನು ತಂಪಿನ ಲೆಕ್ಕಕ್ಕೆ ಹೊಂದಿಸಿ ಉಜ್ಜಬೇಕು. ಅಂದರೆ ಕೈಯಲ್ಲಿ ಹಿಡಿದು ಜೋಡಿಸುವಾಗ ಎಲ್ಲವೂ ಸ್ವಲ್ಪ ತಪ್ಪಾಗಿಯೇ ಇರಬೇಕು, ಮುಚ್ಚಳ ಹಾಕಿ ತಂಪು ಮಾಡಿದ ಮೇಲೆ ತಾನಾಗಿ ಸರಿಹೋಗಬೇಕು. ಸರಿಹೋಗದಿದ್ದರೆ? ಮತ್ತೆ ದಿನಗಟ್ಟಲೆ ಬೆಚ್ಚಗಾಗಲು ಬಿಟ್ಟು, ಬಿಚ್ಚಿ, ತಿದ್ದಿ, ಮುಚ್ಚಿ, ಮತ್ತೆ ದಿನಗಟ್ಟಲೆ ತಂಪು ಮಾಡಬೇಕು. ತಾಳ್ಮೆ ಇಲ್ಲದವರಿಗೆ ಈ ಕೆಲಸ ಸಲ್ಲದು. ಒಳಗೆ ತಿರುಗುವ ಚಕ್ರಗಳಿಗೆ ಎಣ್ಣೆ ಹಾಕುವಂತೆಯೂ ಇಲ್ಲ. ನಮ್ಮ ಚಳಿಗಾಲಕ್ಕೇ ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಗಟ್ಟಿಯಾಗುತ್ತದೆ, ಅಲ್ಲಿ ಯಾವ ಕೀಲೆಣ್ಣೆಯಾದರೂ ಕಲ್ಲೇ. ಆದ್ದರಿಂದ ಒಣ ಪುಡಿಯಂಥ ಲೇಪನ ಬಳಿಯುತ್ತಾರೆ.

'ದೂರದರ್ಶಕದ ದೊಡ್ಡ ಕನ್ನಡಿಯೂ ಬೆಚ್ಚಗಿದೆಯಲ್ಲ, ಅದೂ ಬೆಳಗುವುದಿಲ್ಲವೇ?' ಎಂದು ಕೇಳುವವರಿಗೆ ಪೂರ್ಣ ಅಂಕ. ಬೆಳಗುತ್ತದೆ, ಆದರೆ ಚೆನ್ನಾಗಿ ಹೊಳೆಯುವ ವಸ್ತು ಕಪ್ಪು ವಸ್ತುವಿಗಿಂತ ಬಹಳ ಕಡಿಮೆ ಶಾಖ ಸೂಸುತ್ತದೆ. ಕಾಟ ಕೊಡುವುದು ಕನ್ನಡಿಯ ಸುತ್ತಲಿನ ಕಂಬ, ಚೌಕಟ್ಟುಗಳು. ಅವು ಕಾಣದಂತೆ ಪೆಟ್ಟಿಗೆಯೊಳಗೆ ಒಂದು ತಂಪು ಬಿಲ್ಲೆ ಇರುತ್ತದೆ. ಕನ್ನಡಿಯ ಬಿಂಬದಷ್ಟೇ ಅಳತೆಯ ತೂತು ಅದರಲ್ಲಿರುತ್ತದೆ. ಕನ್ನಡಿಯಿಂದ ಬಂದ ಬೆಳಕು ತೂತಿನಲ್ಲಿ ದಾಟುತ್ತದೆ, ಉಳಿದದ್ದು ಬಿಲ್ಲೆಗೆ ಬಡಿದು ನಿಲ್ಲುತ್ತದೆ.

ಇಷ್ಟಾದ ಮೇಲೂ ಆಕಾಶ ಸುಮ್ಮನಿರುವುದಿಲ್ಲ. ಗಾಳಿಯಲ್ಲಿರುವ ನೀರಾವಿ ಕೆಲವು ಅವಕೆಂಪು ಬಣ್ಣಗಳನ್ನು ನುಂಗಿಬಿಡುತ್ತದೆ. ಎತ್ತರದ ಒಣ ಹಾನ್ಲೆಗೆ ಹೋದದ್ದು ಅದಕ್ಕೇ. ಸುಮಾರು 90 ಕಿಲೋಮೀಟರ್ ಎತ್ತರದಲ್ಲಿ ಒಂದು ಆಮ್ಲಜನಕ, ಒಂದು ಜಲಜನಕ ಪರಮಾಣು ಸೇರಿದ ಕಣಗಳು ರಾತ್ರಿಯಿಡೀ ಅವಕೆಂಪಿನಲ್ಲಿ ಮಿನುಗುತ್ತವೆ. ಇದಕ್ಕೆ ಉಪಾಯ ನಿಮಗೆ ಗೊತ್ತಿರುವುದೇ. ಎಣ್ಣೆ ತರಲು ಹೋದಾಗ ಅಂಗಡಿಯವರು ಮೊದಲು ಖಾಲಿ ಡಬ್ಬಿ ತೂಗಿ ಅದನ್ನು ಕಳೆಯುತ್ತಾರಲ್ಲ, ಹಾಗೆ. ನಕ್ಷತ್ರವನ್ನು ಸೀಳುಗಂಡಿಯ ಒಂದು ಕಡೆ ಇಟ್ಟು ಒಮ್ಮೆ, ಇನ್ನೊಂದು ಕಡೆ ಇಟ್ಟು ಒಮ್ಮೆ ಚಿತ್ರ ತೆಗೆದು, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಆಕಾಶದ ಮಿನುಗು ಎರಡರಲ್ಲೂ ಇರುವುದರಿಂದ ಹೊರಟುಹೋಗಿ ನಕ್ಷತ್ರ ಉಳಿಯುತ್ತದೆ. ಆಕಾಶದ ಮಿನುಗು ನಿಮಿಷ ನಿಮಿಷಕ್ಕೂ ಬದಲಾಗುವುದರಿಂದ ಇದನ್ನು ಬೇಗ ಬೇಗ ಮಾಡಬೇಕು.

ಈಗ ನನ್ನ ವಾದಕ್ಕೆ ಎದುರಾಗುವ ದೊಡ್ಡ ಪ್ರಶ್ನೆ. 2021ರ ಡಿಸೆಂಬರ್ 25ರಂದು ಜೇಮ್ಸ್ ವೆಬ್ ದೂರದರ್ಶಕ ಅಂತರಿಕ್ಷಕ್ಕೆ ಹೋಯಿತು. ಅದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಐದು ಪದರದ ಕೊಡೆಯ ನೆರಳಿನಲ್ಲಿದೆ. ಅದರ 6.5 ಮೀಟರ್ ಕನ್ನಡಿಯೇ ಸೊನ್ನೆಗಿಂತ 220 ಡಿಗ್ರಿಗೂ ಹೆಚ್ಚು ಕೆಳಗಿದೆ. ಅಲ್ಲಿ ಗಾಳಿಯಿಲ್ಲ, ನೀರಾವಿಯಿಲ್ಲ. ಹಾಗಾದರೆ ನೆಲದ ಮೇಲೆ ಈ ಪಾಡು ಯಾಕೆ?

ಒಪ್ಪುತ್ತೇನೆ, 2.5 ಮೈಕ್ರಾನ್‌ನಿಂದ ಆಚೆಗೆ ಹೋದಷ್ಟೂ ವೆಬ್ ಎದುರು ನೆಲದ ದೂರದರ್ಶಕ ಸೋಲುತ್ತದೆ. ಆದರೆ ವೆಬ್ ಇರುವುದು ಒಂದೇ, ಕೇಳುವವರು ಜಗತ್ತಿನ ಎಲ್ಲರೂ. ಹುಟ್ಟುತ್ತಿರುವ ಕೆಲವು ನಕ್ಷತ್ರಗಳು ಇದ್ದಕ್ಕಿದ್ದಂತೆ ಪ್ರಜ್ವಲಿಸಿ ತಿಂಗಳು, ವರ್ಷಗಟ್ಟಲೆ ಹಾಗೇ ಇರುತ್ತವೆ. ಅಂಥದನ್ನು ವಾರಕ್ಕೊಮ್ಮೆ ನೋಡಲು ವೆಬ್‌ಗೆ ಪುರುಸೊತ್ತು ಎಲ್ಲಿ? ಇನ್ನೊಂದು ವಿಷಯ ನನಗೆ ಅದಕ್ಕಿಂತಲೂ ಮುಖ್ಯ. 15 ಲಕ್ಷ ಕಿಲೋಮೀಟರ್ ಆಚೆ ಒಂದು ಸ್ಪ್ರಿಂಗ್ ಕೆಟ್ಟರೆ ಯಾರೂ ಹೋಗಿ ತಿದ್ದುವಂತಿಲ್ಲ. ಹಾನ್ಲೆಯ ಪೆಟ್ಟಿಗೆಯನ್ನು ಬಿಚ್ಚಬಹುದು. ಬಿಚ್ಚಿದವರು ಕಲಿಯುತ್ತಾರೆ.

ಇಲ್ಲಿ ಒಂದು ನಿಜವನ್ನೂ ಹೇಳಬೇಕು. ಟಿರ್‌ಸ್ಪೆಕ್ ಏನು ಮಾಡಬೇಕೆಂದು ಯೋಚಿಸಿದವರು ನಮ್ಮವರು, ಆದರೆ ಅದು ತಯಾರಾದದ್ದು ಅಮೆರಿಕದ ಹವಾಯಿಯ ಒಂದು ಕಂಪನಿಯ ಜೊತೆಗೂಡಿ. ನೈನಿತಾಲ್ ಹತ್ತಿರದ ದೇವಸ್ಥಲದಲ್ಲಿರುವ 3.6 ಮೀಟರ್ ದೂರದರ್ಶಕಕ್ಕೆ 2019ರಲ್ಲಿ ಟ್ಯಾನ್‌ಸ್ಪೆಕ್ ಎಂಬ ಇನ್ನೂ ದೊಡ್ಡ ಪೆಟ್ಟಿಗೆ ಬಂತು. ಅದೂ ಅದೇ ಕಂಪನಿಯ ಜೊತೆಗೂಡಿ ಆದದ್ದು. ಕೆಲವರು ಇದನ್ನು ನಾಚಿಕೆ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಲ್ಲವರ ಪಕ್ಕದಲ್ಲಿ ನಿಂತು ಎರಡು ಸಲ ಮಾಡಿದ್ದಾಯಿತು. ಇಂಥ ಪೆಟ್ಟಿಗೆಗಳ ತಿರುಪು, ಸ್ಪ್ರಿಂಗ್, ಗಾಜಿನ ನಾರಿನ ಕಾಲು, ಎಲ್ಲವನ್ನೂ ಇಲ್ಲಿಯೇ ಲೆಕ್ಕ ಹಾಕಿ ಇಲ್ಲಿಯೇ ಕಡೆಯುವವರು ನಮಗೆ ಇನ್ನೂ ಹೆಚ್ಚು ಬೇಕು. ಅದಕ್ಕೆ ಖಗೋಳವಿಜ್ಞಾನ ಓದಿದವರಷ್ಟೇ ಸಾಲದು. ಲೇತ್ ಯಂತ್ರದ ಮುಂದೆ ನಿಂತು ಕೂದಲೆಳೆಯ ಅಳತೆಗೆ ಲೋಹ ಕಡೆಯುವವರು ಬೇಕು, ನಿರ್ವಾತದ ಸೋರಿಕೆ ಹುಡುಕುವವರು ಬೇಕು, ಮಸೂರ ಉಜ್ಜುವವರು ಬೇಕು. ನಿಮ್ಮಲ್ಲಿ ಯಾರಿಗಾದರೂ ಸೈಕಲ್ ಬಿಚ್ಚಿ ಮತ್ತೆ ಜೋಡಿಸುವ ಹುಚ್ಚಿದ್ದರೆ, ಈ ಪಟ್ಟಿಯನ್ನು ಮನೆಯವರಿಗೂ ಓದಿ ಹೇಳಿ.

ಮುಂದಿನ ರಸಪ್ರಶ್ನೆಗೆ ಹೊಸ ಪ್ರಶ್ನೆ ಸಿದ್ಧಮಾಡಿದ್ದೇನೆ. ಉತ್ತರವನ್ನು ಈಗ ಹೇಳುವುದಿಲ್ಲ. ಪೆಟ್ಟಿಗೆಯೊಳಗೆ ಬೆಳಕು ಬರಲು ಒಂದು ಕಿಟಕಿ ಇರಲೇಬೇಕು. ಅದರ ಹೊರಮೈ ಹೊರಗಿನ ಗಾಳಿಗೆ ತಾಗಿರುತ್ತದೆ, ಆದ್ದರಿಂದ ಅದನ್ನು ತಂಪು ಮಾಡುವಂತಿಲ್ಲ. ಬೆಚ್ಚಗಿರುವ ಆ ಕಿಟಕಿ ಸಂವೇದಕದ ಎದುರಿಗೇ ಇದ್ದರೂ ಅದರ ಬೆಳಕು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಯಾಕೆ? ಸುಳಿವು ಬೇಕಿದ್ದರೆ ಕಪ್ಪು ವಸ್ತು ಮತ್ತು ಹೊಳೆಯುವ ಕನ್ನಡಿಯ ಬಗ್ಗೆ ಮೇಲೆ ಹೇಳಿದ್ದನ್ನು ಇನ್ನೊಮ್ಮೆ ಓದಿ, ಆಮೇಲೆ ಪಾರದರ್ಶಕ ಗಾಜಿನ ಬಗ್ಗೆ ಯೋಚಿಸಿ. ಈ ಸಲ ಹತ್ತು ಅಂಕ.